‘ಸಮಾನ ಹಕ್ಕು’ ಎಂದು ಬರೆಯುವ ಮುನ್ನ: ಲೇಖಕರಿಗೆ ಸಂಪಾದಕರ ಉತ್ತರ

ಮಾನ್ಯರೇ,

ಭ್ರೂಣದ ಜೀವ ಮತ್ತು ತಾಯಿಯ ಹಕ್ಕನ್ನು ಕುರಿತ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಕಾಳಜಿ ನಿಜವಾದದ್ದು, ಭಾಷೆಯೂ ಹದವಾಗಿದೆ. ಆದರೂ ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಹುಟ್ಟದ ಮಗುವಿಗೂ ತಾಯಿಗೂ ಬದುಕುವ ಹಕ್ಕು ಸಮಾನವೆಂದು ಸಂವಿಧಾನದಲ್ಲೇ ಬರೆದರೆ ವಿವಾದ ಮುಗಿಯುತ್ತದೆ ಎಂಬುದು ನಿಮ್ಮ ತೀರ್ಮಾನ. ಹಾಗೆ ಬರೆದು ನೋಡಿದ ದೇಶವೊಂದಿದೆ, ಅದರ ಪ್ರಸ್ತಾಪವೇ ನಿಮ್ಮಲ್ಲಿಲ್ಲ.

ಐರ್ಲೆಂಡ್ 1983ರಲ್ಲಿ ಎಂಟನೇ ತಿದ್ದುಪಡಿಯ ಮೂಲಕ ಇದೇ ಮಾತನ್ನು ಸಂವಿಧಾನಕ್ಕೆ ಸೇರಿಸಿತು. 2012ರ ಅಕ್ಟೋಬರಿನಲ್ಲಿ, ನಮ್ಮ ಬೆಳಗಾವಿಯಲ್ಲಿ ಬೆಳೆದ ದಂತವೈದ್ಯೆ ಸವಿತಾ ಹಾಲಪ್ಪನವರ ಹದಿನೇಳು ವಾರಗಳ ಗರ್ಭಿಣಿಯಾಗಿದ್ದಾಗ, ಬೆನ್ನುನೋವೆಂದು ಗಾಲ್ವೇ ನಗರದ ಆಸ್ಪತ್ರೆಗೆ ಹೋದರು. ಗರ್ಭ ನಿಲ್ಲುವುದಿಲ್ಲವೆಂದು ವೈದ್ಯರೇ ತಿಳಿಸಿದ ಮೇಲೆ ಅವರು ಗರ್ಭಪಾತಕ್ಕೆ ಕೇಳಿಕೊಂಡರು. ಭ್ರೂಣದ ಎದೆಬಡಿತ ಇನ್ನೂ ಕೇಳಿಸುತ್ತಿದ್ದುದರಿಂದ ಆಸ್ಪತ್ರೆಯವರು ಒಪ್ಪಲಿಲ್ಲ. ಆ ಬಡಿತ ನಿಲ್ಲುವ ಹೊತ್ತಿಗೆ ನಂಜು ರಕ್ತಕ್ಕೇರಿತ್ತು, ಅಕ್ಟೋಬರ್ 28ರಂದು ಅವರು ತೀರಿಕೊಂಡರು. ಆರೈಕೆಯಲ್ಲಿ ಲೋಪಗಳಿದ್ದುದನ್ನೂ ತನಿಖೆ ಗುರುತಿಸಿತು, ಅದನ್ನು ನೀವು ಮರೆಮಾಚಬಾರದು. ಆದರೆ ಉಳಿಯದೆಂದು ಗೊತ್ತಿದ್ದ ಜೀವಕ್ಕಾಗಿ ಉಳಿಯಬಹುದಾಗಿದ್ದ ಜೀವ ಹಾಸಿಗೆಯಲ್ಲಿ ಕಾಯುತ್ತ ಮಲಗಿದ್ದು ಆ ‘ಸಮಾನ’ ಎಂಬ ಪದದ ನೆರಳಿನಲ್ಲೇ. 2018ರ ಮೇ ತಿಂಗಳ ಜನಮತದಲ್ಲಿ ಮೂರರಲ್ಲಿ ಎರಡು ಪಾಲು ಮತದಾರರು ಆ ತಿದ್ದುಪಡಿಯನ್ನು ತೆಗೆದುಹಾಕಲು ಒಪ್ಪಿದರು.

ಭಾರತದಲ್ಲಿ 24 ವಾರದವರೆಗೆ ಯಾರು ಬೇಕಾದರೂ ಗರ್ಭಪಾತ ಮಾಡಿಸಿಕೊಳ್ಳಬಹುದೆಂದು ಬರೆದಿದ್ದೀರಿ, ಅದು ತಪ್ಪು. 1971ರ ಗರ್ಭಪಾತ ಕಾಯ್ದೆಗೆ 2021ರಲ್ಲಿ ತಂದ ತಿದ್ದುಪಡಿಯ ನಂತರ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಬೇಕು; ಅಲ್ಲಿಂದ 24ರವರೆಗೆ ನಿಗದಿತ ವರ್ಗದ ಮಹಿಳೆಯರಿಗೆ ಮಾತ್ರ ಅವಕಾಶ, ಅದಕ್ಕೂ ಇಬ್ಬರು ವೈದ್ಯರ ಅಭಿಪ್ರಾಯ ಬೇಕು. ಮೂಲದಲ್ಲಿ ಗರ್ಭಪಾತ ಇಂದಿಗೂ ದಂಡನೀಯ ಅಪರಾಧ. 1971ರ ಕಾಯ್ದೆ ಕೊಡುವುದು ಷರತ್ತುಗಳನ್ನು ಪಾಲಿಸಿದ ವೈದ್ಯರಿಗೆ ರಕ್ಷಣೆಯನ್ನು. ಹೆಣ್ಣಿನ ‘ಹಕ್ಕು’ ಎನ್ನುವಾಗ ನೀವು ಆಧರಿಸಬೇಕಾದದ್ದು ಸಂವಿಧಾನದ 21ನೇ ವಿಧಿಯನ್ನು, ಸಂತಾನದ ಆಯ್ಕೆಯನ್ನು ವೈಯಕ್ತಿಕ ಸ್ವಾತಂತ್ರ್ಯದ ಭಾಗವೆಂದ 2009ರ ಸುಪ್ರೀಂ ಕೋರ್ಟ್ ತೀರ್ಪನ್ನು.

ಎದುರು ವಾದದ ಗಟ್ಟಿತನವನ್ನೂ ತೋರಿಸಿ. 2023ರ ಅಕ್ಟೋಬರಿನಲ್ಲಿ, ಹೆರಿಗೆಯ ನಂತರದ ಖಿನ್ನತೆಯಿಂದ ನರಳುತ್ತಿದ್ದ ಇಬ್ಬರು ಮಕ್ಕಳ ತಾಯಿಯೊಬ್ಬರಿಗೆ ಸುಪ್ರೀಂ ಕೋರ್ಟ್ ಮೊದಲು ಗರ್ಭಪಾತಕ್ಕೆ ಅನುಮತಿ ಕೊಟ್ಟಿತು. ಮರುದಿನವೇ ದೆಹಲಿಯ ಏಮ್ಸ್‌ನ ವೈದ್ಯರು, ಈ ಭ್ರೂಣ ಹೊರಗೆ ಬದುಕಬಲ್ಲದು, ಅದರ ಹೃದಯ ನಿಲ್ಲಿಸಬೇಕೇ ಎಂದು ಪತ್ರ ಬರೆದು ಕೇಳಿದರು. ಆ ಪ್ರಶ್ನೆಯ ಮುಂದೆ ಪೀಠವೇ ಇಬ್ಭಾಗವಾಯಿತು: ನ್ಯಾಯಮೂರ್ತಿ ಹಿಮಾ ಕೊಹ್ಲಿ ಕೊಟ್ಟ ಅನುಮತಿಯಿಂದ ಹಿಂದೆ ಸರಿದರು, ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ತಾಯಿಯ ನಿರ್ಧಾರವನ್ನು ಗೌರವಿಸಬೇಕೆಂದರು. 26 ವಾರ ದಾಟಿದ ಗರ್ಭ, ತಾಯಿಯ ಜೀವಕ್ಕೆ ತಕ್ಷಣದ ಅಪಾಯವಿಲ್ಲ, ಭ್ರೂಣದಲ್ಲಿ ದೋಷವಿಲ್ಲ ಎಂದು ತ್ರಿಸದಸ್ಯ ಪೀಠ ಕೊನೆಗೆ ಅನುಮತಿ ನಿರಾಕರಿಸಿತು. ನಾನು ನ್ಯಾಯಮೂರ್ತಿ ನಾಗರತ್ನ ಅವರ ಪರ. ಆದರೂ ಆ ವೈದ್ಯರ ಪ್ರಶ್ನೆಯನ್ನು ಕ್ರೌರ್ಯವೆಂದು ತಳ್ಳಿಹಾಕಲು ನನ್ನಿಂದಾಗದು.

ಸಮತೋಲನದ ಬಗ್ಗೆ ನೀವು ಬರೆದಿರುವ ಮೂರು ಪುಟಗಳ ತಾತ್ವಿಕ ಪೀಠಿಕೆಯನ್ನು ತೆಗೆದು, 17ನೇ ವಾರದ ಆ ಹಾಸಿಗೆಯನ್ನೂ 26ನೇ ವಾರದ ಆ ಪತ್ರವನ್ನೂ ಎದುರುಬದುರು ಇಟ್ಟು ಮತ್ತೆ ಬರೆಯಿರಿ. ಎರಡೂ ಕಡೆ ‘ಸಮಾನ’ ಎಂಬ ಪದಕ್ಕೆ ಒಂದೇ ಅರ್ಥ ನಿಲ್ಲುತ್ತದೆಯೇ ಎಂಬುದಕ್ಕೆ ನಿಮ್ಮ ಉತ್ತರ ಏನೇ ಇರಲಿ, ಅದನ್ನು ಓದಲು ಕಾದಿರುತ್ತೇನೆ.

ಇಂತಿ,
ಸಂಪಾದಕ