ಅಂಗಡಿಯ ಎರಡು ವರ್ಷವನ್ನು ಮುಚ್ಚಿಡಬೇಡಿ

ಬಿ.ಕಾಂ. ಮುಗಿಸಿ ಎರಡು ವರ್ಷ ಅಪ್ಪನ ಹಾರ್ಡ್‌ವೇರ್ ಅಂಗಡಿಯಲ್ಲಿದ್ದೆ, ಅಕೌಂಟ್ಸ್ ಸಹಾಯಕನ ಕೆಲಸಕ್ಕೆ ಅರ್ಜಿ ಹಾಕುವಾಗ ರೆಸ್ಯೂಮೆಯಲ್ಲಿ ಅನುಭವದ ಜಾಗವನ್ನು ಖಾಲಿ ಬಿಡಲೇ ಎಂದು ಕೇಳಿದ್ದೀರಿ. ಖಂಡಿತ ಬೇಡ. ಆ ಎರಡು ವರ್ಷವೇ ನಿಮ್ಮ ಬಂಡವಾಳ.

ಆದರೆ ‘ಅಂಗಡಿ ನೋಡಿಕೊಳ್ಳುತ್ತಿದ್ದೆ’ ಎಂದಷ್ಟೇ ಬರೆದರೆ ಬರೀ ಗಲ್ಲಾದ ಮುಂದೆ ಕೂತಿದ್ದಿರಿ ಎಂದುಕೊಳ್ಳುತ್ತಾರೆ. ಹೀಗೆ ಬಿಡಿಸಿ ಬರೆಯಿರಿ: ‘ಟ್ಯಾಲಿ ಲೆಕ್ಕದ ತಂತ್ರಾಂಶದಲ್ಲಿ ದಿನಕ್ಕೆ ಸುಮಾರು 40 ಬಿಲ್‌ಗಳ ನಮೂದು, ಪ್ರತಿ ತಿಂಗಳು 11ರೊಳಗೆ ಜಿಎಸ್‌ಟಿಆರ್-1 (ಮಾರಾಟದ ವಿವರ), 20ರೊಳಗೆ ಜಿಎಸ್‌ಟಿಆರ್-3ಬಿ (ತೆರಿಗೆ ಲೆಕ್ಕದ ಸಾರಾಂಶ) ಎಂಬ ಜಿಎಸ್‌ಟಿ ರಿಟರ್ನ್‌ಗಳನ್ನು ಸಲ್ಲಿಸಲು ಬೇಕಾದ ಲೆಕ್ಕದ ತಯಾರಿ, ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆ ಪುಸ್ತಕದ ತಾಳೆ.’ ನಾನು ಹಾಕಿದ 40 ಬರೀ ಮಾದರಿ. ನಿಮ್ಮ ನಿಜವಾದ ಸಂಖ್ಯೆಯನ್ನೇ ಹಾಕಿ, ಮಾಡಿದ್ದನ್ನಷ್ಟೇ ಬರೆಯಿರಿ. ಸಂದರ್ಶನದಲ್ಲಿ ಅದನ್ನೇ ಕೆದಕಿ ಕೇಳುತ್ತಾರೆ. ಈ ಭಾಗ ಪದವಿಯ ವಿವರಕ್ಕಿಂತ ಮೇಲೆ ಬರಲಿ.

ತಂದೆಯ ಹೆಸರು, ಧರ್ಮ, ಮದುವೆಯಾಗಿದೆಯೇ ಇಲ್ಲವೇ ಎಂಬುದನ್ನೆಲ್ಲ ತೆಗೆದುಹಾಕಿ; ನೀವು ಕಳಿಸುತ್ತಿರುವುದು ಜಾತಕವನ್ನಲ್ಲ. ಒಂದು ಪುಟ ಸಾಕು. ಪಿಡಿಎಫ್ ಮಾಡಿ, ಕಡತಕ್ಕೆ ನಿಮ್ಮ ಹೆಸರನ್ನೇ ಇಡಿ. ನನ್ನ ಮೇಜಿಗೆ ‘ಫೈನಲ್ ನ್ಯೂ 3’ ಎಂಬ ಹೆಸರಿನವು ರಾಶಿ ಬರುತ್ತವೆ, ಯಾವುದು ಯಾರದೆಂದು ಹುಡುಕುವ ತಾಳ್ಮೆ ನನಗಂತೂ ಇಲ್ಲ.