ಹೊಸ ಮಿಂಟ್ ಹಾಕಿದೆ, ಡಾಕರ್ ಒಲ್ಲೆ ಅಂತಿದೆ

ಪ್ರಶ್ನೆ: ಹೋದ ವಾರ ಲ್ಯಾಪ್‌ಟಾಪಿಗೆ ಲಿನಕ್ಸ್ ಮಿಂಟ್ 22.2 ಹಾಕಿಕೊಂಡೆ. ಕಾಲೇಜಿನ ಪ್ರಾಜೆಕ್ಟಿಗೆ ಡಾಕರ್ (ಪ್ರೋಗ್ರಾಮ್‌ಗಳನ್ನು ‘ಕಂಟೇನರ್’ ಅನ್ನುವ ಪ್ರತ್ಯೇಕ ಡಬ್ಬಿಗಳಲ್ಲಿ ಓಡಿಸುವ ತಂತ್ರಾಂಶ) ಬೇಕು. ಉಬುಂಟುವಿಗೆ ಅಂತ ಮಾಡಿದ್ದ ಒಂದು ವಿಡಿಯೊ ನೋಡಿಕೊಂಡು ಕಮಾಂಡ್‌ಗಳನ್ನು ಒಂದೊಂದಾಗಿ ಕೊಟ್ಟೆ. ‘ಸುಡೊ ಆಪ್ಟ್ ಅಪ್‌ಡೇಟ್’ ಕೊಟ್ಟಾಗ 404 (ಕೇಳಿದ್ದು ಸರ್ವರಿನಲ್ಲಿ ಇಲ್ಲ ಅನ್ನುವ ಎರರ್) ಬಂತು. ಅದರ ಕೆಳಗೆ, ಡಾಕರ್ ಸರ್ವರಿನ ವಿಳಾಸ ತೋರಿಸಿ, ‘ಜಾರಾ’ಗೆ ರಿಲೀಸ್ ಫೈಲ್ ಇಲ್ಲ ಅನ್ನುವ ಸಾಲು. ಮಿಂಟ್ ತೀರಾ ಹೊಸದು ಅಂತ ಹೀಗಾಗ್ತಿದೆಯಾ? ಹಳೆಯ ಆವೃತ್ತಿಗೆ ವಾಪಸ್ ಹೋಗಬೇಕಾ ಸರ್?
— ಇಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ

ಉತ್ತರ: ವಾಪಸ್ ಹೋಗಬೇಡಿ. ಒಂದು ಫೈಲಿನಲ್ಲಿ ಒಂದು ಪದ ಬದಲಾಯಿಸಿದರೆ ಕೆಲಸ ಮುಗಿಯುತ್ತದೆ. ಆ ಎರರ್ ಸಾಲನ್ನು ಪೂರ್ತಿ ಬರೆದು ಕಳಿಸಿದ್ದಕ್ಕೆ ಥ್ಯಾಂಕ್ಸ್. ‘ಏನೋ ಎರರ್ ಬರ್ತಿದೆ’ ಅಂತ ಮಾತ್ರ ಬರೆಯುವವರೇ ಜಾಸ್ತಿ. ನಿಮ್ಮ ಸಮಸ್ಯೆಗೆ ಉತ್ತರ ಆ ಸಾಲಿನಲ್ಲೇ ಇದೆ.

ಡಾಕರ್ ಕಂಪನಿಯವರು ತಮ್ಮ ಸರ್ವರಿನಲ್ಲಿ ಉಬುಂಟುವಿನ ಪ್ರತಿ ಆವೃತ್ತಿಗೂ ಒಂದು ಫೋಲ್ಡರ್ ಇಟ್ಟಿರುತ್ತಾರೆ. ಫೋಲ್ಡರಿಗೆ ಆವೃತ್ತಿಯ ಅಂಕಿ ಇರುವುದಿಲ್ಲ, ಅಡ್ಡಹೆಸರು ಇರುತ್ತದೆ. 22.04ಕ್ಕೆ ಜ್ಯಾಮಿ, 24.04ಕ್ಕೆ ನೋಬಲ್, ಹೀಗೆ. ಮಿಂಟಿಗೂ ಅದರದೇ ಅಡ್ಡಹೆಸರುಗಳಿವೆ. 22ಕ್ಕೆ ವಿಲ್ಮಾ, 22.1ಕ್ಕೆ ಶಿಯಾ, 2025ರ ಸೆಪ್ಟೆಂಬರಿನಲ್ಲಿ ಬಂದ ನಿಮ್ಮ 22.2ಕ್ಕೆ ಜಾರಾ. ಆದರೆ ಇವು ಮಿಂಟಿನವರು ಇಟ್ಟುಕೊಂಡ ಹೆಸರುಗಳು. ಡಾಕರ್ ಸರ್ವರಿಗೆ ಗೊತ್ತಿಲ್ಲ. ಮನೆಯಲ್ಲಿ ಕರೆಯುವ ಹೆಸರು ಬರೆದು ಕಾಗದ ಹಾಕಿದರೆ ಪೋಸ್ಟ್‌ಮ್ಯಾನ್ ವಾಪಸ್ ಕಳಿಸುತ್ತಾನಲ್ಲ, ಹಾಗೆ. ಮಿಂಟ್ 22ರ ಸಾಲಿನಲ್ಲಿ ಬಂದ ಇವೆಲ್ಲ ಒಳಗಡೆ ಉಬುಂಟು 24.04, ಅಂದರೆ ನೋಬಲ್. ನೋಬಲ್ ಬಂದದ್ದು 2024ರ ಏಪ್ರಿಲ್‌ನಲ್ಲಿ. ಹಾಗಾಗಿ ಡಾಕರ್ ಮಟ್ಟಿಗೆ ನಿಮ್ಮ ಮಿಂಟ್ ಹೊಸದೇ ಅಲ್ಲ.

ಆ ಪದ ಅಲ್ಲಿಗೆ ಬಂದದ್ದು ಹೇಗೆ ಅಂದರೆ, ಹಳೆಯ ವಿಡಿಯೊಗಳಲ್ಲಿ ಆವೃತ್ತಿಯ ಹೆಸರು ಕಂಡುಹಿಡಿಯೋಕೆ ‘ಎಲ್‌ಎಸ್‌ಬಿ ರಿಲೀಸ್’ ಅನ್ನುವ ಕಮಾಂಡ್ ಬಳಸುತ್ತಾರೆ. ಉಬುಂಟುವಿನಲ್ಲಿ ಅದು ನೋಬಲ್ ಅಂತ ಹೇಳುತ್ತದೆ, ಮಿಂಟಿನಲ್ಲಿ ಜಾರಾ ಅಂತ. ಡಾಕರಿನವರ ಈಗಿನ ಸೂಚನೆಗಳಲ್ಲಿ ಇದನ್ನು ಸರಿಮಾಡಿದ್ದಾರೆ. ಅಲ್ಲಿನ ಕಮಾಂಡ್ ಉಬುಂಟು ಹೆಸರು ಇದೆಯಾ ಅಂತ ಮೊದಲು ನೋಡುತ್ತದೆ, ಇಲ್ಲದಿದ್ದರೆ ಮಾತ್ರ ಬೇರೆಯದನ್ನು ತೆಗೆದುಕೊಳ್ಳುತ್ತದೆ. ಇನ್‌ಸ್ಟಾಲ್ ಮಾಡುವ ಕಮಾಂಡ್‌ಗಳನ್ನು ವಿಡಿಯೊದಿಂದ ಟೈಪ್ ಮಾಡಬೇಡಿ ಅಂತ ನಾನು ಹೇಳುವುದು ಇದಕ್ಕೇ.

ಈಗ ಕೈಯಾರೆ ನೋಡಿಬಿಡಿ. ‘ಇಟಿಸಿ’ ಫೋಲ್ಡರಿನಲ್ಲಿ ‘ಓಎಸ್-ರಿಲೀಸ್’ ಅಂತ ಒಂದು ಪುಟ್ಟ ಫೈಲ್ ಇದೆ. ತೆರೆದರೆ ‘ವರ್ಷನ್ ಕೋಡ್‌ನೇಮ್’ ಎದುರು ಜಾರಾ, ‘ಉಬುಂಟು ಕೋಡ್‌ನೇಮ್’ ಎದುರು ನೋಬಲ್ ಅಂತ ಕಾಣುತ್ತದೆ. ನಿಮಗೆ ಬೇಕಾದದ್ದು ಎರಡನೆಯದು. ಆಮೇಲೆ ಅದೇ ‘ಇಟಿಸಿ’ ಒಳಗೆ ‘ಆಪ್ಟ್’, ಅದರೊಳಗೆ ‘ಸೋರ್ಸಸ್.ಲಿಸ್ಟ್.ಡಿ’ ಫೋಲ್ಡರಿಗೆ ಹೋಗಿ. ಅಲ್ಲಿ ‘ಡಾಕರ್.ಲಿಸ್ಟ್’ ಇರುತ್ತದೆ. ಹೊಸ ಸೂಚನೆಯಂತೆ ಮಾಡಿದವರಿಗೆ ‘ಡಾಕರ್.ಸೋರ್ಸಸ್’ ಇರುತ್ತದೆ, ಅದರಲ್ಲಿ ‘ಸೂಟ್ಸ್’ ಅನ್ನುವ ಸಾಲು ನೋಡಬೇಕು. ಸುಡೊ (ಅಡ್ಮಿನ್ ಅನುಮತಿ) ಹಾಕಿ ತೆರೆದು, ಜಾರಾ ತೆಗೆದು ನೋಬಲ್ ಬರೆಯಿರಿ. ಇಂಗ್ಲಿಷ್ ಸಣ್ಣ ಅಕ್ಷರಗಳಲ್ಲೇ ಬರೆಯಬೇಕು. ಸೇವ್ ಮಾಡಿ ಮತ್ತೆ ಅಪ್‌ಡೇಟ್ ಕೊಡಿ. 404 ಮಾಯವಾಗುತ್ತದೆ. ನಂತರ ಡಾಕರ್-ಸಿಇ, ಡಾಕರ್-ಸಿಇ-ಸಿಎಲ್‌ಐ, ಕಂಟೇನರ್‌ಡಿ.ಐಒ, ಜೊತೆಗೆ ಬಿಲ್ಡ್‌ಎಕ್ಸ್ ಮತ್ತು ಕಂಪೋಸ್ ಪ್ಲಗಿನ್‌ಗಳನ್ನು ಹಾಕಿಕೊಳ್ಳಿ. ‘ಹಲೋ-ವರ್ಲ್ಡ್’ ಇಮೇಜ್ (ಕಂಟೇನರ್ ತಯಾರಾಗುವ ಅಚ್ಚು) ಓಡಿಸಿ ನೋಡಿದರೆ ಆಯಿತು.

ಇದನ್ನೇ ಓದಿ ಎಲ್‌ಎಂಡಿಇ ಹಾಕಿರುವವರು ನೋಬಲ್ ಅಂತ ಬರೆಯಬೇಡಿ. ಅದು ಉಬುಂಟು ಬದಲು ಡೆಬಿಯನ್ ಅನ್ನುವ ಇನ್ನೊಂದು ಲಿನಕ್ಸ್ ಮೇಲೆ ಕಟ್ಟಿದ ಮಿಂಟ್. ಅದಕ್ಕೆ ಹೆಸರಷ್ಟೇ ಅಲ್ಲ, ವಿಳಾಸದಲ್ಲಿ ‘ಉಬುಂಟು’ ಇರುವ ಜಾಗದಲ್ಲಿ ‘ಡೆಬಿಯನ್’ ಅಂತಲೂ ಬರಬೇಕು.

ಉಬುಂಟುವೇ ನಿಜವಾಗಿ ಹೊಸದಾಗಿದ್ದರೆ? ಆಗ ಹೆಸರು ಸರಿಯಿದ್ದರೂ 404 ಬರಬಹುದು. 20.04 ಬಂದದ್ದು 2020ರ ಏಪ್ರಿಲ್ 23ಕ್ಕೆ. ಡಾಕರಿನವರ ಸ್ಟೇಬಲ್ ಪ್ಯಾಕೇಜ್ ಅದಕ್ಕೆ ಸಿಕ್ಕಿದ್ದು ಮೇ ತಿಂಗಳಲ್ಲಿ. ನಡುವಿನ ದಿನಗಳಲ್ಲಿ ಜನ ಫೋಕಲ್ (20.04ರ ಹೆಸರು) ಅಂತ ಇದ್ದ ಜಾಗದಲ್ಲಿ ಬಯೋನಿಕ್ (ಹಿಂದಿನ 18.04ರ ಹೆಸರು) ಅಂತ ಬರೆದು ಕೆಲಸ ಸಾಗಿಸಿದರು. ಹಳೆಯ ಹೆಸರು ಹಾಕುವ ಈ ಉಪಾಯ ಸಾಮಾನ್ಯವಾಗಿ ನಡೆಯುತ್ತದೆ. ಹಳೆಯ ಲೈಬ್ರರಿ ಕೇಳುವ ಪ್ಯಾಕೇಜಿಗೆ ಹೊಸ ಲೈಬ್ರರಿ ಸಿಕ್ಕರೆ ತಕರಾರಿಲ್ಲ. ತಿರುಗಿಸಿ ಮಾಡಿದರೆ, ಅಂದರೆ ಹಳೆಯ ಸಿಸ್ಟಮಿಗೆ ಹೊಸ ಆವೃತ್ತಿಯ ಪ್ಯಾಕೇಜ್ ತಂದರೆ, ಡಿಪೆಂಡೆನ್ಸಿ ಜಗಳ, ಅಂದರೆ ಬೇಕಾದ ಲೈಬ್ರರಿ ಇಲ್ಲ ಅನ್ನುವ ತಕರಾರು, ಶುರು.

ನನ್ನನ್ನು ಕೇಳಿದರೆ ಮೊದಲ ಒಂದೆರಡು ತಿಂಗಳು ಆ ಉಪಾಯವೂ ಬೇಡ. ಉಬುಂಟು, ಡೆಬಿಯನ್ ಎರಡರಲ್ಲೂ ಅವರದೇ ಡಾಕರ್ ಪ್ಯಾಕೇಜ್ ಇದೆ, ಹೆಸರು ‘ಡಾಕರ್.ಐಒ’. ಅದು ಆ ಆವೃತ್ತಿಗೆ ಅಂತಲೇ ಕಟ್ಟಿದ್ದು, ಬಿಡುಗಡೆಯ ದಿನವೇ ಇರುತ್ತದೆ. ವರ್ಷನ್ ಕೊಂಚ ಹಿಂದೆ ಇರಬಹುದು, ಅಷ್ಟೇ. ಕಾಲೇಜಿನ ಪ್ರಾಜೆಕ್ಟಿಗೆ ಅದರಿಂದ ಏನೂ ಕಡಿಮೆಯಾಗುವುದಿಲ್ಲ. ಅಂದಹಾಗೆ, ಬರೀ ‘ಡಾಕರ್’ ಅಂತ ಯಾಕೆ ಹೆಸರಿಡಲಿಲ್ಲ ಅಂದರೆ, ಆ ಹೆಸರಿನಲ್ಲಿ ಮೊದಲೇ ಒಂದು ಪ್ಯಾಕೇಜ್ ಇತ್ತು. ಪರದೆಯ ಮೂಲೆಯಲ್ಲಿ ಐಕಾನ್‌ಗಳನ್ನು ಕೂರಿಸುವ ಹಳೆಯ ಸಣ್ಣ ತಂತ್ರಾಂಶ. ‘ಆಪ್ಟ್ ಇನ್‌ಸ್ಟಾಲ್ ಡಾಕರ್’ ಅಂತ ಕೊಟ್ಟು, ಅದು ಬಂದು ಕೂತದ್ದು ನೋಡಿ ತಲೆ ಕೆರೆದುಕೊಂಡವರು ಎಷ್ಟೋ ಜನ.

ಎರಡನ್ನೂ ಬೆರೆಸಬೇಡಿ. ಡಾಕರ್.ಐಒ ಜೊತೆಗೆ ಬರುವ ಕಂಟೇನರ್‌ಡಿ (ಕಂಟೇನರುಗಳನ್ನು ಓಡಿಸುವ ಭಾಗ) ಬೇರೆ, ಡಾಕರ್ ಕಂಪನಿಯ ಕಂಟೇನರ್‌ಡಿ.ಐಒ ಬೇರೆ. ಒಂದಿದ್ದರೆ ಇನ್ನೊಂದು ಬರಲ್ಲ. ಒಂದರಿಂದ ಇನ್ನೊಂದಕ್ಕೆ ಹೋಗುವುದಾದರೆ ಮೊದಲಿನದನ್ನು ತೆಗೆದು ಹಾಕಿ. ಇನ್ನು ಉಬುಂಟು ಸರ್ವರ್ ಹಾಕುವಾಗ ಕೊನೆಯ ಪರದೆಯಲ್ಲಿ ‘ಡಾಕರ್ ಬೇಕಾ’ ಅಂತ ಒಂದು ಟಿಕ್ ಬರುತ್ತದಲ್ಲ, ಅದು ಮೂರನೆಯದು, ಸ್ನ್ಯಾಪ್ ಅನ್ನುವ ಬೇರೆ ಬಗೆಯ ಪ್ಯಾಕೇಜ್. ಅದಕ್ಕೆ ಹೋಮ್ ಫೋಲ್ಡರಿನ ಆಚೆ ಇರುವ ಫೈಲುಗಳು ಸುಲಭವಾಗಿ ಕಾಣುವುದಿಲ್ಲ. ಬೇರೆ ಡಿಸ್ಕಿನ ಫೋಲ್ಡರ್ ಕೊಟ್ಟರೆ ಕಂಟೇನರಿನ ಒಳಗೆ ಖಾಲಿ ಖಾಲಿ. ನಾನಂತೂ ಟಿಕ್ ಮಾಡುವುದಿಲ್ಲ.

ಪ್ರಶ್ನೆ: ನಮ್ಮ ಸಣ್ಣ ಆಫೀಸಿನ ಸರ್ವರನ್ನು ಉಬುಂಟು 22.04ರಿಂದ 24.04ಕ್ಕೆ ಅಪ್‌ಗ್ರೇಡ್ ಮಾಡಿದೆ. ಕಂಟೇನರುಗಳು ಓಡುತ್ತಿವೆ, ಆದರೆ ಡಾಕರಿಗೆ ಅಪ್‌ಡೇಟೇ ಬರುತ್ತಿಲ್ಲ. ತೆಗೆದು ಮತ್ತೆ ಹಾಕಿದರೆ ಡೇಟಾಬೇಸ್ ಹೋಗಿಬಿಡುತ್ತದೆ ಅನ್ನುವ ಭಯ.
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಅಪ್‌ಗ್ರೇಡ್ ಆಗುವಾಗ ಉಬುಂಟು ಹೊರಗಿನವರ ರೆಪೊಸಿಟರಿಗಳನ್ನೆಲ್ಲ (ಪ್ಯಾಕೇಜ್ ತರುವ ಸರ್ವರ್ ವಿಳಾಸಗಳನ್ನು) ತಾನಾಗಿ ಆಫ್ ಮಾಡುತ್ತದೆ. ಒಂದು ಸಾಲಿನ ಸೂಚನೆ ಕೊಡುತ್ತದೆ, ನಾವು ಎಂಟರ್ ಒತ್ತಿ ಮುಂದೆ ಹೋಗಿರುತ್ತೇವೆ. ಡಾಕರ್.ಲಿಸ್ಟ್ ತೆರೆದರೆ ಸಾಲಿನ ಮುಂದೆ ಹ್ಯಾಷ್ ಗುರುತು ಇರುತ್ತದೆ, ಅಥವಾ ಸೋರ್ಸಸ್ ಫೈಲಾದರೆ ‘ಎನೇಬಲ್ಡ್: ನೋ’ ಅಂತ. ಹ್ಯಾಷ್ ತೆಗೆಯಿರಿ, ಅಥವಾ ‘ನೋ’ ಇರುವಲ್ಲಿ ‘ಯೆಸ್’ ಮಾಡಿ. ಜ್ಯಾಮಿ ಅಂತ ಇದ್ದರೆ ನೋಬಲ್ ಮಾಡಿ. ಅಪ್‌ಡೇಟ್, ಅಪ್‌ಗ್ರೇಡ್ ಕೊಡಿ. ತೆಗೆದು ಹಾಕುವ ಪ್ರಸಂಗವೇ ಬರುವುದಿಲ್ಲ.

ತೆಗೆಯಲೇಬೇಕಾಗಿ ಬಂದರೂ ಹೆದರುವುದು ಬೇಡ. ಡೇಟಾಬೇಸ್ ಇರುವ ವಾಲ್ಯೂಮ್‌ಗಳು (ಕಂಟೇನರಿನ ಡೇಟಾ ಉಳಿಯುವ ಜಾಗಗಳು) ‘ವಾರ್’ ಒಳಗಿನ ‘ಲಿಬ್’, ಅದರೊಳಗಿನ ‘ಡಾಕರ್’ ಫೋಲ್ಡರಿನಲ್ಲಿರುತ್ತವೆ. ಪ್ಯಾಕೇಜನ್ನು ‘ರಿಮೂವ್’ ಮಾಡಿದರೆ ಆ ಫೋಲ್ಡರ್ ಹಾಗೇ ಉಳಿಯುತ್ತದೆ. ‘ಪರ್ಜ್’ ಮಾತ್ರ ಕೊಡಬೇಡಿ. ಆ ಫೋಲ್ಡರನ್ನು ಕೈಯಾರೆ ಅಳಿಸಿ ಅಂತ ಎಲ್ಲಾದರೂ ಬರೆದಿದ್ದರೆ ಆ ಸಾಲು ಬಿಟ್ಟು ಮುಂದೆ ಹೋಗಿ. ಏನೇ ಆಗಲಿ, ಮೊದಲು ಡೇಟಾಬೇಸಿನ ಡಂಪ್ (ಡೇಟಾ ಎಲ್ಲ ಬರೆದಿಟ್ಟ ಫೈಲ್) ತೆಗೆದು ಬೇರೆ ಮಷೀನಿಗೆ ಕಾಪಿ ಮಾಡಿ. ಓಡುತ್ತಿರುವ ಡೇಟಾಬೇಸಿನ ವಾಲ್ಯೂಮ್ ಫೋಲ್ಡರನ್ನು ಸುಮ್ನೆ ಕಾಪಿ ಮಾಡಿಟ್ಟರೆ ಅದು ಬ್ಯಾಕಪ್ ಆಗುವುದಿಲ್ಲ.

ನೀವು ಕೇಳದ ಒಂದು ಮಾತು. ಆಫೀಸಿನ ಸರ್ವರಿಗೆ ಅಪ್‌ಗ್ರೇಡ್ ಮಾಡುವಾಗ ಅವಸರ ಬೇಡ. ಉಬುಂಟುವಿನವರೇ ಒಂದು ಎಲ್‌ಟಿಎಸ್‌ನಿಂದ (ದೀರ್ಘಕಾಲ ಬೆಂಬಲ ಇರುವ ಆವೃತ್ತಿ) ಇನ್ನೊಂದು ಎಲ್‌ಟಿಎಸ್‌ಗೆ ಹೋಗುವ ದಾರಿಯನ್ನು ಮೊದಲ ದಿನ ತೆರೆಯುವುದಿಲ್ಲ, ‘.1’ ಬರುವವರೆಗೆ ಕಾಯಿಸುತ್ತಾರೆ. 24.04 ಬಂದದ್ದು ಏಪ್ರಿಲ್‌ನಲ್ಲಿ, 24.04.1 ಆಗಸ್ಟ್ ಕೊನೆಗೆ. ಎಲ್‌ಟಿಎಸ್‌ಗೆ ಐದು ವರ್ಷ ಭದ್ರತಾ ಅಪ್‌ಡೇಟ್ ಬರುತ್ತದೆ. ಹೊಸ ಪೈಥಾನ್ ಬೇಕು, ಹೊಸ ಪೋಸ್ಟ್‌ಗ್ರೆಸ್ ಬೇಕು ಅಂದರೆ ಅದು ಕಂಟೇನರಿನ ಒಳಗೇ ಬರುತ್ತದೆ. ಕೆಳಗಿರುವ ಸಿಸ್ಟಮಿನಿಂದ ಕಂಟೇನರ್ ಪಡೆಯುವುದು ಮುಖ್ಯವಾಗಿ ಕರ್ನಲ್ (ಸಿಸ್ಟಮಿನ ತಿರುಳು) ಮಾತ್ರ. ಹಾಗಿದ್ದಮೇಲೆ ಕೆಳಗಿನದು ಹಳೆಯದಾಗಿ, ಗಟ್ಟಿಯಾಗಿ ಇದ್ದರೆ ನಷ್ಟವೇನು?

ಪ್ರಶ್ನೆ: ನಾನು ಬಳಸುವ ಲಿನಕ್ಸ್ ಫೆಡೊರಾ. ಅದರ ಹೊಸ ಆವೃತ್ತಿ ಬಂದ ದಿನವೇ ಹಾಕಿಕೊಳ್ಳುವುದು ನನ್ನ ಚಾಳಿ. ಅದರಲ್ಲಿ ಪಾಡ್‌ಮ್ಯಾನ್ (ಡಾಕರಿನಂತೆಯೇ ಕಂಟೇನರ್ ಓಡಿಸುವ ತಂತ್ರಾಂಶ) ಇದೆಯಲ್ಲ, ಡಾಕರ್ ಯಾಕೆ ಅಂತಾರೆ ಗೆಳೆಯರು. ಆದರೆ ಪಾಡ್‌ಮ್ಯಾನಿನಲ್ಲಿ ನನ್ನ ಕೋಡ್ ಫೋಲ್ಡರನ್ನು ಕಂಟೇನರಿಗೆ ಕೊಟ್ಟರೆ ‘ಪರ್ಮಿಷನ್ ಡಿನೈಡ್’. ಚ್‌ಮೋಡ್ 777 (ಎಲ್ಲರಿಗೂ ಎಲ್ಲ ಅನುಮತಿ) ಕೊಟ್ಟರೂ ಅದೇ ಹಾಡು.
— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: ಗೆಳೆಯರ ಮಾತು ಸರಿ. ನಿಮ್ಮನ್ನು ತಡೆಯುತ್ತಿರುವುದು ಪಾಡ್‌ಮ್ಯಾನ್ ಅಲ್ಲ, ಎಸ್‌ಇ-ಲಿನಕ್ಸ್ ಅನ್ನುವ ಭದ್ರತಾ ಕಾವಲು. ಅದು ಫೈಲಿನ ಮೇಲಿರುವ ಲೇಬಲ್ ನೋಡುತ್ತದೆ, 777 ಅದಕ್ಕೆ ಲೆಕ್ಕಕ್ಕಿಲ್ಲ. ಆ 777 ಅನ್ನು ದಯವಿಟ್ಟು ಮೊದಲು ವಾಪಸ್ ತೆಗೆಯಿರಿ. ವಾಲ್ಯೂಮ್ ಬರೆಯುವ ಕಡೆ, ಫೋಲ್ಡರಿನ ದಾರಿಯ ಕೊನೆಗೆ ಒಂದು ಕೋಲನ್ ಹಾಕಿ ಇಂಗ್ಲಿಷಿನ ದೊಡ್ಡ ‘ಝಡ್’ ಅಕ್ಷರ ಸೇರಿಸಿ. ಆಗ ಪಾಡ್‌ಮ್ಯಾನ್ ಆ ಫೋಲ್ಡರಿಗೆ ಸರಿಯಾದ ಲೇಬಲ್ ಅಂಟಿಸುತ್ತದೆ. ಎರಡು ಮೂರು ಕಂಟೇನರುಗಳು ಅದೇ ಫೋಲ್ಡರ್ ಬಳಸುವುದಾದರೆ ಸಣ್ಣ ಅಕ್ಷರದ ಝಡ್. ಕೋಡ್ ಫೋಲ್ಡರಿಗೆ ಮಾತ್ರ ಹಾಕಿ. ಇಡೀ ಹೋಮ್ ಫೋಲ್ಡರಿಗೆ ಇದನ್ನು ಕೊಟ್ಟರೆ ಅಲ್ಲಿರುವ ಫೈಲುಗಳ ಲೇಬಲ್ ಎಲ್ಲಾ ಬದಲಾಗಿ ಬೇರೆ ಕಡೆ ತೊಂದರೆ ಶುರುವಾಗುತ್ತದೆ.

ಡಾಕರ್ ಅಭ್ಯಾಸ ಇರುವವರು ಇನ್ನೊಂದು ಕಡೆ ಎಡವುತ್ತಾರೆ. ಪಾಡ್‌ಮ್ಯಾನ್ ಸಾಧಾರಣ ಬಳಕೆದಾರನಾಗಿ ಓಡುವುದರಿಂದ 80ನೇ ಪೋರ್ಟ್ (ವೆಬ್‌ಸೈಟುಗಳ ಮಾಮೂಲಿ ಬಾಗಿಲು) ಸಿಗುವುದಿಲ್ಲ. 1024ಕ್ಕಿಂತ ಕೆಳಗಿನದೆಲ್ಲ ರೂಟ್‌ಗೆ (ಅಡ್ಮಿನ್‌ಗೆ) ಮೀಸಲು. 8080 ಕೊಡಿ.

ಚಾಳಿಯ ವಿಷಯಕ್ಕೆ ಬಂದರೆ, ಫೆಡೊರಾ ಬಳಸುವ ಹಳಬರಿಗೆ 31ನೇ ಆವೃತ್ತಿ ನೆನಪಿರುತ್ತದೆ. 2019ರ ಅಕ್ಟೋಬರಿನಲ್ಲಿ ಬಂದ ಅದು ಸಿಗ್ರೂಪ್‌ನ ಎರಡನೇ ಆವೃತ್ತಿಯನ್ನು ಡೀಫಾಲ್ಟ್ ಮಾಡಿತು. ಕಂಟೇನರಿಗೆ ಎಷ್ಟು ಮೆಮೊರಿ, ಎಷ್ಟು ಸಿಪಿಯು ಅಂತ ಅಳೆದು ಕೊಡುವ ಕರ್ನಲ್ ವ್ಯವಸ್ಥೆ ಅದು. ಪಾಡ್‌ಮ್ಯಾನ್ ತಯಾರಾಗಿತ್ತು, ಡಾಕರ್ ಆಗಿರಲಿಲ್ಲ. ಪ್ಯಾಕೇಜ್ ಸರಿಯಾಗಿಯೇ ಕೂರುತ್ತಿತ್ತು, ಕಂಟೇನರ್ ಮಾತ್ರ ಏಳುತ್ತಿರಲಿಲ್ಲ. ಬೂಟ್ ಸಾಲಿಗೆ ಒಂದು ಆಯ್ಕೆ ಸೇರಿಸಿ ಹಳೆಯ ಸಿಗ್ರೂಪ್‌ಗೆ ಮರಳುವುದೇ ಆಗ ದಾರಿ. ಡಾಕರ್ ಅದಕ್ಕೆ ಸರಿಯಾದ ಬೆಂಬಲ ಕೊಟ್ಟದ್ದು 2020ರ ಡಿಸೆಂಬರಿನ 20.10ರಲ್ಲಿ, ಒಂದು ವರ್ಷದ ಮೇಲೆ.

ಹೊಸದು ಬಂದ ದಿನವೇ ಹಾಕಬೇಕು ಅನ್ನಿಸಿದರೆ ವರ್ಚುವಲ್ ಮಷೀನಿನಲ್ಲಿ ಹಾಕಿ ಆಸೆ ತೀರಿಸಿಕೊಳ್ಳಿ. ಫೆಡೊರಾದ ಪ್ರತಿ ಆವೃತ್ತಿಗೂ ಸುಮಾರು 13 ತಿಂಗಳು ಅಪ್‌ಡೇಟ್ ಇರುತ್ತದೆ. ಕೆಲಸದ ಲ್ಯಾಪ್‌ಟಾಪ್ ಒಂದು ಆವೃತ್ತಿ ಹಿಂದೆ ಇದ್ದರೆ ಏನೂ ತಪ್ಪಿಲ್ಲ.