ಟ್ಯಾಬ್ ಬೀರುವಲ್ಲಿ, ಹುಡುಗ ಕ್ಲಾಸಲ್ಲಿ

ಹೆಸರು, ವಯಸ್ಸು, ಗುರುತು ಸಿಗೋ ವಿವರ ಎಲ್ಲಾ ಬದಲಾಯಿಸಿದೀನಿ. ನನ್ನ ಹತ್ರ ಸಲಹೆ ಕೇಳೋಕೆ ಬಂದವರು ಸ್ಕೂಲಲ್ಲಿ ಸ್ಪೀಚ್ ಥೆರಪಿಸ್ಟ್, ಆಟಿಸಂ ಇರೋ ಮಕ್ಕಳ ಜೊತೆನೇ ಹೆಚ್ಚು ಕೆಲಸ. "ಸ್ಕೂಲ್ ಗೇಟ್ ಕಂಡ್ರೆ ಹೊಟ್ಟೆ ತೊಳಸುತ್ತೆ ಮೇಡಂ, ಬಿಟ್ಬಿಡ್ಲಾ?" ಅಂತಲೇ ಶುರು ಮಾಡಿದ್ರು. ಮಕ್ಕಳಿಂದ ಏನೂ ತೊಂದರೆ ಇಲ್ವಂತೆ, ಸಾಕಾಗಿರೋದು ದೊಡ್ಡವರ ಜೊತೆ.

ಒಬ್ಬ ಹುಡುಗನ ವಿಷ್ಯ ಪದೇ ಪದೇ ಬರ್ತಿತ್ತು. ಅವನ ಬಾಯಲ್ಲಿ ಬರೋದೆಲ್ಲಾ ಎಲ್ಲೋ ಕೇಳಿಸ್ಕೊಂಡ ವಾಕ್ಯಗಳೇ. ಕ್ಲಾಸಲ್ಲಿ ಗಲಾಟೆ ಜಾಸ್ತಿ ಆದ್ರೆ "ಬಸ್ ಬಂತು, ಬ್ಯಾಗ್ ತಗೋ" ಅಂತಾನೆ, ಆಗಿನ್ನೂ ಮಧ್ಯಾಹ್ನಾನೂ ಆಗಿರಲ್ಲ, ಟೀಚರ್‌ಗೆ ಅದು ಬರೀ ಗಿಳಿಪಾಠ, ಇವರಿಗೆ ಮಾತ್ರ ಗೊತ್ತು ಅವನು ಇಲ್ಲಿಂದ ಕರ್ಕೊಂಡ್ಹೋಗಿ ಅಂತಿದಾನೆ ಅಂತ. ಹೀಗೆ ಕೇಳಿದ ಮಾತನ್ನೇ ತಿರುಗಿ ಹೇಳೋದಕ್ಕೆ ಎಕೋಲೇಲಿಯಾ ಅಂತಾರೆ. 1943ರಲ್ಲಿ ಮನೋವೈದ್ಯ ಕ್ಯಾನರ್ ಆಟಿಸಂ ಬಗ್ಗೆ ಬರೆದ ಲೇಖನದಲ್ಲೇ ಇದು ಬರುತ್ತೆ, ಆಮೇಲೆ 80ರ ದಶಕದಲ್ಲಿ ಪ್ರಿಜಾಂಟ್ ಅನ್ನೋ ಮಾತು-ಭಾಷೆ ತಜ್ಞರು, ಅವರ ಜೊತೆಯವರೆಲ್ಲಾ ಇಂಥ ಮಾತಿನ ಹಿಂದೆ ಏನೋ ಕೇಳೋದು, ಬೇಡ ಅನ್ನೋದು ಎಲ್ಲಾ ಇರುತ್ತೆ ಅಂತ ತೋರಿಸಿದ್ರು.

ಈ ಥೆರಪಿಸ್ಟ್ ಆ ಹುಡುಗನಿಗೆ ಚಿತ್ರ ಒತ್ತಿದ್ರೆ ಮಾತಾಡೋ ಆ್ಯಪ್ ಇರೋ ಟ್ಯಾಬ್ ಕೊಡಿಸಿದಾರೆ. ಟೀಚರ್ ಅದನ್ನ ಬೀರುವಲ್ಲಿಟ್ಟು ಬೀಗ ಹಾಕ್ತಾರೆ, ಬರೆದು ಮುಗಿಸಿದ್ರೆ ಮಾತ್ರ ಕೊಡೋದು. ಅಮ್ಮಂಗೆ ಟ್ಯಾಬ್ ಇದ್ರೆ ಮಗ ಬಾಯೇ ಬಿಡಲ್ಲ ಅನ್ನೋ ಭಯ. ಪ್ರಿನ್ಸಿಪಾಲ್‌ಗೆ ಅವನು ಸ್ಟೇಜ್ ಮೇಲೆ ಎರಡು ಮಾತು ಹೇಳ್ಬೇಕು.

ನಂಗೆ ಸಿಟ್ಟು ಬಂದಿದ್ದು ಬೀರು ವಿಷ್ಯಕ್ಕೆ. ಲೆಕ್ಕ ಮುಗಿಸು, ಆಮೇಲೆ ನಿನ್ನ ಕನ್ನಡಕ ಕೊಡ್ತೀನಿ ಅಂತ ಯಾವ ಮಗುಗಾದ್ರೂ ಅಂತೀವಾ?

ಆದ್ರೆ ಸಿಟ್ಟಲ್ಲಿ ಹೋದ್ರೆ ಟೀಚರ್ ಬಾಗಿಲು ಮುಚ್ಕೋತಾರೆ, ಅವರಿಗೂ ಕ್ಲಾಸ್ ತುಂಬಾ ಮಕ್ಕಳು. ಅದಕ್ಕೆ ನಾನು ಹೇಳಿದ್ದು, ಹುಡುಗನ್ನ ಬೇರೆ ರೂಮಿಗೆ ಕರ್ಕೊಂಡು ಹೋಗೋ ಅರ್ಧ ಗಂಟೇಲೇ ಎಲ್ಲಾ ಆಗ್ಬೇಕು ಅನ್ನೋ ಭಾರ ಮೊದ್ಲು ಇಳಿಸಿ, ಆ ಸೆಷನ್ನಲ್ಲಿ ಸ್ವಲ್ಪ ಹೊತ್ತನ್ನ ಕ್ಲಾಸಿಗೇ ತಗೊಂಡ್ಹೋಗಿ, ತಿಂಡಿ ಟೈಮಲ್ಲಿ ಪಕ್ಕ ಕೂತು ನೀವೇ ಮಾತಾಡ್ತಾ ಮಾತಾಡ್ತಾ ಬಟನ್ ಒತ್ತಿ, ಅವನು ಒತ್ಲೇಬೇಕು ಅಂತ ಕಾಯ್ಬೇಡಿ, ಟೀಚರ್ ನೋಡ್ಲಿ. ಮೊದಲು ಕೇಳೋದು ಅಷ್ಟಕ್ಕೆ ಮಾತ್ರ, ತಿಂಡಿ ಟೈಮಲ್ಲಿ ಟ್ಯಾಬ್ ಹೊರಗಿರ್ಲಿ. ಇನ್ನೊಂದು, ಅವನು "ಬೇಡ" ಒತ್ತಿದಾಗ ಕೆಲವು ಸಲ ಆದ್ರೂ ಅದು ನಡೀಬೇಕು, ಇಲ್ದಿದ್ರೆ ಆ ಬಟನ್ ಯಾಕೆ ಒತ್ತಾನೆ ಹೇಳಿ.

ಅಮ್ಮನ ಭಯಕ್ಕೆ ನೇರ ಉತ್ತರ ಇದೆ. ಮಿಲರ್, ಲೈಟ್, ಶ್ಲಾಸರ್ ಅನ್ನೋ ಸಂಶೋಧಕರು 2006ರಲ್ಲಿ ಹಳೇ ಅಧ್ಯಯನಗಳನ್ನ ಒಟ್ಟಿಗೆ ನೋಡಿದ್ರು, ಒಳ್ಳೆ ಪುರಾವೆ ಇದ್ದ 27 ಕೇಸಲ್ಲಿ ಇಂಥ ಸಾಧನ ಕೊಟ್ಟಿದ್ದಕ್ಕೆ ಒಬ್ಬರ ಮಾತೂ ಕಮ್ಮಿ ಆಗಿರ್ಲಿಲ್ಲ, ಹೆಚ್ಚಿನವರಿಗೆ ಸ್ವಲ್ಪ ಜಾಸ್ತೀನೇ ಆಗಿತ್ತು. ಇದನ್ನ ಹೇಳಿ, ಆದ್ರೆ ಮಾತು ಬಂದೇ ಬರುತ್ತೆ ಅಂತ ಮಾತ್ರ ಭರವಸೆ ಕೊಡ್ಬೇಡಿ ಅಂದೆ.

ಕೆಲಸ ಬಿಡೋ ನಿರ್ಧಾರ ಪರೀಕ್ಷೆ ಗಡಿಬಿಡಿ ಮುಗಿಯೋವರೆಗೂ ಬೇಡ, ಹೊಟ್ಟೆ ತೊಳಸೋದು ಹಾಗೇ ಇದ್ರೆ ಡಾಕ್ಟರ್‌ಗೂ ತೋರಿಸಿ ಅಂತಾನೂ ಹೇಳಿದೆ.

ಮುಂದಿನ ಸಲ ಬಂದಾಗ ಟ್ಯಾಬ್ ತಿಂಡಿ ಟೈಮಲ್ಲಿ ಹೊರಗೆ ಬಂದಿತ್ತು, ಲೆಕ್ಕದ ಪೀರಿಯಡ್ಡಲ್ಲಿ ಇನ್ನೂ ಬೀಗನೇ. "ಬಸ್ ಬಂತು" ಅಂದ್ರೆ ಟೀಚರ್ ಈಗ ಅವನ್ನ ಕಾರಿಡಾರಿಗೆ ಕಳಿಸ್ತಾರಂತೆ. ಸ್ಟೇಜ್ ವಿಷ್ಯ ಬಗೆಹರಿದಿಲ್ಲ, ಪ್ರಿನ್ಸಿಪಾಲ್‌ಗೆ ಕೊಡೋ ಲೆಟರ್ ಬರ್ಕೊಂಡು ಬನ್ನಿ, ಕೂತು ನೋಡೋಣ ಅಂದಿದೀನಿ.